ಮಾರ್ಥಳ ಮನೆಯಲ್ಲಿ ಸಮಾಧಾನ



ಈ ಸ್ಮರಣ ಸಂಚಿಕೆಗೆ ಒಂದು ವೇದಪಾಠವನ್ನು ಬರೆದುಕೊಡಬೇಕೆಂದು ಸಂಚಿಕೆಯ ಮಂಡಲಿಯವರು ಕೇಳಿಕೊಂಡಾಗ ವಿಷಯವನ್ನು ಹುಡುಕುವದಕ್ಕೆ ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ನಮ್ಮನ್ನು ಕಾಣಲು ಬರುವ ಹಳೆಯ ವಿದ್ಯಾರ್ಥಿನಿಯರಲ್ಲಿ ಒಬ್ಬಳು ದಾದಿಯಾಗಿರಲಿ, ಒಬ್ಬಳು ಉಪಾಧ್ಯಾಯಿನಿಯಾಗಿರಲಿ, ಇನ್ನೊಬ್ಬಳು ನಾಲ್ಕು ಮಕ್ಕಳ ತಾಯಿಯಾಗಿರಲಿ, ಕುಶಲಪ್ರಶ್ನೆಗಳು ಮುಗಿಯುವ ಮೊದಲೇ ಒಂದೇ ಮಾತನ್ನು ಹೇಳುತ್ತಾರೆ: "ಪುರುಸೊತ್ತಿಲ್ಲ ಅಕ್ಕಾವರೇ, ಮನಸ್ಸಿಗೆ ಸಮಾಧಾನವಿಲ್ಲ." ಎರಡು ಸಂಗತಿಗಳನ್ನೂ ಒಂದೇ ಉಸಿರಿನಲ್ಲಿ ಹೇಳುವದರಿಂದ, ಪುರುಸೊತ್ತು ಸಿಕ್ಕಿದರೆ ಸಮಾಧಾನವೂ ತಾನಾಗಿ ಸಿಕ್ಕೀತೆಂದು ಅವರು ನಂಬಿದಂತೆ ತೋರುತ್ತದೆ. ನಾನೂ ಬಹುಕಾಲ ಹಾಗೆಯೇ ನಂಬಿದ್ದೆನು. ಬೇಸಿಗೆಯ ರಜೆ ಬರಲಿ, ಪರೀಕ್ಷೆ ಮುಗಿಯಲಿ, ಲೆಕ್ಕಪತ್ರಗಳು ಒಪ್ಪವಾಗಲಿ, ಆಮೇಲೆ ಮನಸ್ಸು ತಿಳಿಯಾಗುವದು ಎಂದು ಕಾದದ್ದುಂಟು. ರಜೆ ಬಂದಿತು, ಚಿಂತೆಯೂ ನನ್ನ ಸಂಗಡಲೇ ಗಾಡಿ ಹತ್ತಿ ಊರಿಗೆ ಬಂದಿತು.

ಹೀಗಿರಲಾಗಿ, ಪುರುಸೊತ್ತು ಬೇರೆ, ಸಮಾಧಾನ ಬೇರೆ ಎಂಬದನ್ನು ಮೊದಲು ತಿಳಿದುಕೊಳ್ಳುವದು ಒಳ್ಳೇದು. ಇದಕ್ಕೆ ಸತ್ಯವೇದದಲ್ಲಿ ಒಂದು ಮನೆಯ ಚರಿತ್ರೆಯಿದೆ. ಅದನ್ನು ನೀವೆಲ್ಲರೂ ಭಾನುವಾರದ ಶಾಲೆಯಲ್ಲಿ ಚಿಕ್ಕಂದಿನಿಂದಲೂ ಕೇಳಿದ್ದೀರಿ. ಕೇಳಿ ಕೇಳಿ ಅದರ ಅಂಚು ಸವೆದುಹೋಗಿರುವದರಿಂದ ಇನ್ನೊಮ್ಮೆ ನಿಧಾನವಾಗಿ ಓದೋಣ.

ಲೂಕನ ಸುವಾರ್ತೆಯ 10ನೆಯ ಅಧ್ಯಾಯದ ಕೊನೆಯ ಐದು ವಚನಗಳನ್ನು ತೆರೆಯಿರಿ. ಯೇಸುಸ್ವಾಮಿಯು ಪ್ರಯಾಣದಲ್ಲಿ ಒಂದು ಹಳ್ಳಿಗೆ ಬರುತ್ತಾನೆ. ಲೂಕನು ಊರಿನ ಹೆಸರನ್ನು ಹೇಳುವದಿಲ್ಲ. ಅದು ಬೇಥಾನ್ಯವೆಂದು ಯೋಹಾನನಿಂದ ನಮಗೆ ತಿಳಿಯುತ್ತದೆ. ಯೆರೂಸಲೇಮಿನಿಂದ ಎರಡು ಮೈಲಿಗೂ ಕಡಿಮೆ ದೂರದಲ್ಲಿ, ಎಣ್ಣೇಮರಗಳ ಗುಡ್ಡದ ಆಚೆಯ ಮಗ್ಗುಲಲ್ಲಿ ಇರುವ ಊರದು. ಈಗ ಅದನ್ನು ಕರೆಯುವ ಅರಬೀ ಹೆಸರಿನಲ್ಲಿ ಲಾಜರನ ಹೆಸರೇ ಅಡಗಿದೆ. ಅಲ್ಲಿ ಮಾರ್ಥಳು ಆತನನ್ನು ತನ್ನ ಮನೆಗೆ ಸೇರಿಸಿಕೊಂಡಳು. ಅವಳ ತಂಗಿ ಮರಿಯಳು ಕರ್ತನ ಪಾದಗಳ ಬಳಿಯಲ್ಲಿ ಕೂತು ಆತನ ಮಾತನ್ನು ಕೇಳುತ್ತಿದ್ದಳು. ಮಾರ್ಥಳಿಗಾದರೋ ಕೈತುಂಬ ಕೆಲಸ. ಕಡೆಗೆ ಅವಳು ಬಂದು, ನನ್ನ ತಂಗಿ ನನ್ನೊಬ್ಬಳನ್ನೇ ಕೆಲಸಕ್ಕೆ ಬಿಟ್ಟಿರುವದು ನಿನಗೆ ಚಿಂತೆಯಿಲ್ಲವೋ, ನನಗೆ ನೆರವಾಗುವಂತೆ ಅವಳಿಗೆ ಹೇಳು ಎಂದು ದೂರುತ್ತಾಳೆ. ಆತನು ಅವಳ ಹೆಸರನ್ನು ಎರಡು ಸಾರೆ ಕರೆದು, ನೀನು ಅನೇಕ ವಿಷಯಗಳಿಗಾಗಿ ಕಳವಳಗೊಂಡಿರುವಿ, ಬೇಕಾದದ್ದು ಒಂದೇ, ಮರಿಯಳು ಆರಿಸಿಕೊಂಡದ್ದು ಅವಳಿಂದ ತೆಗೆಯಲ್ಪಡದು ಎಂಬರ್ಥದ ಉತ್ತರವನ್ನು ಕೊಡುತ್ತಾನೆ. ಇಷ್ಟೇ ಚರಿತ್ರೆ.

ಇಲ್ಲಿ ಮಾರ್ಥಳ ಪಕ್ಷವಾಗಿ ಎರಡು ಮಾತು ಹೇಳದಿದ್ದರೆ ಅನ್ಯಾಯವಾದೀತು. ನಮ್ಮ ಕಡೆಯ ಅಡಿಗೆಮನೆಯನ್ನು ಬಲ್ಲವರು ಆಕೆಯ ಸ್ಥಿತಿಯನ್ನು ಚೆನ್ನಾಗಿ ಬಲ್ಲರು. ಹೇಳದೆ ಕೇಳದೆ ಅತಿಥಿಗಳು ಬಂದರೆ ಒಲೆಯನ್ನು ಹೊತ್ತಿಸಬೇಕು, ಹಿಟ್ಟನ್ನು ನಾದಬೇಕು, ರೊಟ್ಟಿ ಬಡಿಯಬೇಕು, ಪಲ್ಯಕ್ಕೆ ಹೆಚ್ಚಬೇಕು, ನೀರು ತರಬೇಕು. ಬಂದವನು ಒಬ್ಬನೋ ಹನ್ನೆರಡು ಮಂದಿ ಶಿಷ್ಯರ ಸಮೇತನೋ ಎಂಬದನ್ನು ಲೂಕನು ಬಿಡಿಸಿ ಹೇಳಿಲ್ಲ. ಹೊರಗೆ ಕೂತವರಿಗೆ ವಚನ, ಒಳಗೆ ನಿಂತವಳಿಗೆ ಹೊಗೆ! ಮಾರ್ಥಳನ್ನು ನಿಂದಿಸಿ ಪ್ರಸಂಗ ಮಾಡುವ ಬೋಧಕರು ಪ್ರಸಂಗ ಮುಗಿದ ಮೇಲೆ ಊಟಕ್ಕೆ ಎಲ್ಲಿಗೆ ಹೋಗುತ್ತಾರೆಂದು ಒಮ್ಮೊಮ್ಮೆ ನನಗೆ ಅನಿಸಿದ್ದುಂಟು. ಈ ಮಾತನ್ನು ಅವರು ಕ್ಷಮಿಸಲಿ.

ಕರ್ತನು ಕೆಲಸವನ್ನು ನಿಂದಿಸಲಿಲ್ಲವೆಂಬದಕ್ಕೆ ಆ ಅಧ್ಯಾಯವೇ ಸಾಕ್ಷಿ. ಈ ಐದು ವಚನಗಳಿಗೆ ಮೊದಲು ಇರುವದೇನು? ಒಳ್ಳೇ ಸಮಾರ್ಯದವನ ಸಾಮ್ಯ. ಅಲ್ಲಿ ಹೊಗಳಿಕೆಗೆ ಪಾತ್ರನಾದವನು ದಾರಿಯಲ್ಲಿ ನಿಂತು ಗಾಯಗಳನ್ನು ಕಟ್ಟಿ, ತನ್ನ ಪಶುವಿನ ಮೇಲೆ ಹತ್ತಿಸಿ, ಛತ್ರಕ್ಕೆ ಹಣವನ್ನು ಕೊಟ್ಟು ಕೆಲಸ ಮಾಡಿದವನೇ. ಈ ವಚನಗಳ ನಂತರ ಇರುವದೇನು? ಶಿಷ್ಯರಿಗೆ ಪ್ರಾರ್ಥನೆಯನ್ನು ಕಲಿಸಿದ ಸಂಗತಿ. ದಯೆಯ ಕೆಲಸಕ್ಕೂ ಪ್ರಾರ್ಥನೆಗೂ ನಡುವೆ ಲೂಕನು ಈ ಮನೆಯನ್ನು ಇಟ್ಟಿದ್ದಾನೆ. ಇದನ್ನು ಗಮನಿಸದೆ, ಅಡಿಗೆಯವಳು ಕೀಳು, ಕೂತು ಕೇಳುವವಳು ಮೇಲು ಎಂದು ಅರ್ಥಮಾಡುವವರು ಪಾಠವನ್ನು ಅರ್ಧದಲ್ಲಿಯೇ ಬಿಟ್ಟಂತಾಗುವದು.

ಇನ್ನೊಂದು ಸಂಗತಿ ನಮ್ಮ ಶಾಲೆಗೆ ವಿಶೇಷವಾಗಿ ಸಂಬಂಧಪಟ್ಟದ್ದು. ಪಾದಗಳ ಬಳಿಯಲ್ಲಿ ಕೂತಳೆಂಬದು ಆ ಕಾಲದ ಯೆಹೂದ್ಯರಲ್ಲಿ ಶಿಷ್ಯನು ಗುರುವಿನಲ್ಲಿ ಕಲಿಯುವದಕ್ಕೆ ಹೇಳುವ ಮಾತು. ಪೌಲನು ತಾನು ಗಮಲಿಯೇಲನ ಪಾದಗಳ ಬಳಿಯಲ್ಲಿ ಬೆಳೆದವನೆಂದು ಹೇಳಿಕೊಳ್ಳುವದು ಇದೇ ಅರ್ಥದಲ್ಲಿ. ಹಾಗಾದರೆ ಮರಿಯಳು ಸುಮ್ಮನೆ ಕೂತ ಸೋಮಾರಿಯಲ್ಲ, ವಿದ್ಯಾರ್ಥಿನಿ. ಹೆಣ್ಣುಮಗಳು ಆ ಸ್ಥಳದಲ್ಲಿ ಕೂಡ್ರುವದು ಆಗ ಅಪರೂಪವಾಗಿತ್ತು. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದರು. ಆ ಕಾಲದಿಂದ ಮೊದಲುಗೊಂಡು ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಹೊರಟವರೆಲ್ಲರೂ ಕೇಳಬೇಕಾಗಿ ಬಂದ ಆಕ್ಷೇಪಣೆ ಒಂದೇ: ಇವಳು ಪುಸ್ತಕ ಹಿಡಿದು ಕೂತರೆ ಒಲೆಯ ಮುಂದೆ ಯಾರು? ಮಾರ್ಥಳ ದೂರಿನಲ್ಲಿಯೂ ಇದೇ ಪ್ರಶ್ನೆಯಿದೆ. ಆ ದೂರಿಗೆ ಒಡಂಬಟ್ಟು ಕರ್ತನು ಮರಿಯಳನ್ನು ಪಾಠದಿಂದ ಎಬ್ಬಿಸಲಿಲ್ಲ. ಈ ಶಾಲೆಯ ಬೆಂಚಿನ ಮೇಲೆ ಕೂತ ಪ್ರತಿಯೊಬ್ಬಳೂ ಆ ಉತ್ತರದ ಫಲವನ್ನು ಉಂಡವಳೆಂದು ನಾನು ಎಣಿಸುತ್ತೇನೆ.

ಹಾಗಾದರೆ ಮಾರ್ಥಳ ತಪ್ಪು ಯಾವದು? ಇದನ್ನು ನಾನು ಪುಸ್ತಕಗಳಿಂದ ಕಲಿತದ್ದಕ್ಕಿಂತ ಹೆಚ್ಚಾಗಿ ನನ್ನ ಕಚೇರಿಯ ಬಾಗಿಲಲ್ಲಿ ಕಲಿತೆನು. ಹೇಳಿಕೊಳ್ಳುವದು ಸುಲಭವಲ್ಲ, ಆದಾಗ್ಯೂ ಹೇಳದೆ ಬಿಟ್ಟರೆ ಈ ಪಾಠವನ್ನು ಬರೆಯುವ ಹಕ್ಕು ನನಗಿಲ್ಲ.

ನಾನು ಮುಖ್ಯೋಪಾಧ್ಯಾಯಿನಿಯಾದ ಎರಡನೆಯ ವರುಷ, ಮಳೆಗಾಲದಲ್ಲಿ, ಶಾಲೆಯ ತನಿಖೆಯ ದಿವಸ ಗೊತ್ತಾಯಿತು. ಹಾಜರಿ ಪುಸ್ತಕಗಳು, ಫೀಸಿನ ಲೆಕ್ಕ, ಸಾಮಾನುಗಳ ಯಾದಿ ಎಲ್ಲವೂ ಮೂರು ದಿನಗಳಲ್ಲಿ ಸಿದ್ಧವಾಗಬೇಕು. ವಸತಿಗೃಹದ ಹಂಚು ಸೋರುತ್ತಿತ್ತು. ಅಡಿಗೆಯವಳು ಜ್ವರದಿಂದ ಮಲಗಿದ್ದಳು. ಅಂಥ ದಿನ ಬೆಳಿಗ್ಗೆ ಆರನೆಯ ಇಯತ್ತೆಯ ಒಬ್ಬ ಚಿಕ್ಕ ಹುಡುಗಿ ಬಾಗಿಲಿಗೆ ಬಂದು ನಿಂತಳು. "ಆಮೇಲೆ ಬಾ" ಎಂದೆನು. ಮಧ್ಯಾಹ್ನದ ಗಂಟೆಗೆ ಮೊದಲು ಮತ್ತೆ ಬಂದಳು. "ನಿಮ್ಮ ವರ್ಗದ ಅಕ್ಕಾವರಿಗೆ ಹೇಳು" ಎಂದೆನು. ಸಾಯಂಕಾಲ ಮೂರನೆಯ ಸಾರೆ ಬಂದಾಗ ನಾನು ತಲೆಯನ್ನೇ ಎತ್ತಲಿಲ್ಲ. ಅವಳ ನೆರಳು ಲೆಕ್ಕದ ಪುಸ್ತಕದ ಮೇಲೆ ಬಿದ್ದದ್ದು ಮಾತ್ರ ನೆನಪಿದೆ; ಅಂಕಿಗಳು ಕಾಣದೆ ನನಗೆ ಸಿಟ್ಟು ಬಂದದ್ದೂ ನೆನಪಿದೆ. "ನಾಳೆ ನೋಡೋಣ" ಎಂದೆನು. ನೆರಳು ಸರಿಯಿತು.

ಮರುದಿನ ಬೆಳಿಗ್ಗೆ ಅವಳ ಸೋದರಮಾವನು ಅವಳನ್ನು ಕರಕೊಂಡುಹೋಗಲು ಬಂದನು. ತಾಯಿ ಎಂಟು ದಿನಗಳಿಂದ ಆಸ್ಪತ್ರೆಯಲ್ಲಿದ್ದಳು. ಆ ಸಮಾಚಾರದ ಕಾಗದವು ಹಿಂದಿನ ದಿನವೇ ಹುಡುಗಿಯ ಕೈ ಸೇರಿತ್ತು; ಆದರೆ ಮಳೆಯ ನೀರು ಬಿದ್ದು ಕಡೆಯ ಸಾಲಿನ ಮಸಿ ಹರಡಿತ್ತು. ಅವ್ವಗೆ ಆರಾಮ ಆಗಿ ಎಂಬಷ್ಟು ಓದಬಹುದಾಗಿತ್ತು. ಮುಂದಿನ ಒಂದು ಅಕ್ಷರವು ಆಗಿದೆ ಎಂಬಂತೆಯೂ ಆಗಿಲ್ಲ ಎಂಬಂತೆಯೂ ಕಾಣುತ್ತಿತ್ತು. ದೊಡ್ಡವರು ಯಾರಾದರೂ ಅದನ್ನು ಓದಿ ಹೇಳಲಿ ಎಂದು ಮಗು ನನ್ನ ಬಾಗಿಲಿಗೆ ಮೂರು ಸಾರೆ ಬಂದಿತ್ತು. ಆ ಒಂದು ಅಕ್ಷರವನ್ನು ಕಟ್ಟಿಕೊಂಡು ಅವಳು ರಾತ್ರಿಯೆಲ್ಲಾ ಎಚ್ಚರವಾಗಿದ್ದಳು.

ತಾಯಿ ದೇವರ ದಯದಿಂದ ನಿಧಾನವಾಗಿ ಗುಣಹೊಂದಿದಳು. ಹದಿನೈದು ದಿನಗಳ ಮೇಲೆ ಹುಡುಗಿ ಮರಳಿ ಬಂದಾಗ ನಾನು ಅವಳನ್ನು ಕರೆದು, ನನ್ನದು ತಪ್ಪಾಯಿತೆಂದು ಹೇಳಿದೆನು. ಅವಳು ಬೆರಳಿಗೆ ಪರಕರದ ಅಂಚನ್ನು ಸುತ್ತುತ್ತಾ, "ನಿಮಗ ಭಾಳ ಕೆಲಸ ಇತ್ತಲ್ರೀ ಅಕ್ಕೋರ" ಎಂದಳು. ನನ್ನನ್ನು ದೂರಿದ್ದರೆ ಸಹಿಸಬಹುದಾಗಿತ್ತು. ಅವಳು ನನ್ನನ್ನು ಸಂತೈಸಿದಳು. ತನಿಖೆಗೆ ಬಂದವರು ಆ ಲೆಕ್ಕದ ಪುಸ್ತಕವನ್ನು ತೆರೆಯಲೇ ಇಲ್ಲವೆಂಬದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಆ ವಾರ ಲೂಕನ ಈ ಭಾಗವನ್ನು ಓದಿದಾಗ ಮಾರ್ಥಳ ತಪ್ಪು ನನಗೆ ಕಂಡಿತು. ಅವಳು ಯಾರಿಗೋಸ್ಕರ ಒಲೆಯ ಮುಂದೆ ಬೆವರು ಸುರಿಸಿದಳೋ ಅವನನ್ನೇ ಗದರಿಸಿದಳು. ನಾನು ಯಾರಿಗೋಸ್ಕರ ಲೆಕ್ಕ ಬರೆಯುತ್ತಿದ್ದೆನೋ ಆ ಮಗುವನ್ನೇ ಬಾಗಿಲಿನಿಂದ ಕಳುಹಿಸಿದೆನು. ಕೆಲಸವು ದೊಡ್ಡದಾಗುತ್ತಾ ಆಗುತ್ತಾ, ಅದು ಯಾರಿಗಾಗಿ ಇತ್ತೋ ಅವರೇ ಅಡ್ಡಿಯಾಗಿ ಕಾಣುವ ಹೊತ್ತು ಬರುತ್ತದೆ. ತಾಯಂದಿರೇ, ಅಡಿಗೆ ಹೊತ್ತಿಗೆ ಸರಿಯಾಗಿ ಆಗಬೇಕೆಂದು ಮಗುವನ್ನು ಹೊಡೆದ ದಿನವನ್ನು ನೆನಸಿಕೊಂಡರೆ ನಿಮಗೂ ಇದು ತಿಳಿಯದೆ ಇರದು.

ಇನ್ನು ಅವಳ ಪ್ರಶ್ನೆಯನ್ನು ನೋಡೋಣ. ನಿನಗೆ ಚಿಂತೆಯಿಲ್ಲವೋ ಎಂದು ಅವಳು ಕರ್ತನನ್ನು ಕೇಳಿದಳಷ್ಟೆ. ಹೊಸ ಒಡಂಬಡಿಕೆಯನ್ನು ಮೊದಲು ಬರೆದ ಗ್ರೀಕ್ ಭಾಷೆಯಲ್ಲಿ ಈ ಪ್ರಶ್ನೆಗೆ ಇರುವ ಕ್ರಿಯಾಪದವು ಇನ್ನೆರಡು ಕಡೆಗಳಲ್ಲಿ ಬಹು ಸ್ವಾರಸ್ಯವಾಗಿ ಬರುತ್ತದೆ. ಮಾರ್ಕನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಬಿರುಗಾಳಿಯೆದ್ದು ದೋಣಿಯು ತುಂಬುತ್ತಿರಲಾಗಿ, ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ನಿದ್ರಿಸುತ್ತಿದ್ದ ಯೇಸುವನ್ನು ಶಿಷ್ಯರು ಎಬ್ಬಿಸಿ, ನಾವು ಸಾಯುತ್ತಿರುವದು ನಿನಗೆ ಚಿಂತೆಯಿಲ್ಲವೋ ಎನ್ನುತ್ತಾರೆ. ಅದೇ ಮಾತು. ಒಬ್ಬಳು ಅಡಿಗೆಮನೆಯಲ್ಲಿ ಕೇಳಿದಳು, ಇವರು ಬಿರುಗಾಳಿಯಲ್ಲಿ ಕೇಳಿದರು. ಚಿಕ್ಕ ತೊಂದರೆ, ದೊಡ್ಡ ತೊಂದರೆ ಎಂಬ ಭೇದವಿಲ್ಲ. ಎರಡರ ತಳದಲ್ಲಿಯೂ ಇರುವ ಸಂಶಯ ಒಂದೇ. ನನ್ನನ್ನು ನೋಡಿಕೊಳ್ಳುವವರು ಯಾರೂ ಇಲ್ಲ, ನಾನು ಕೈಬಿಟ್ಟರೆ ಎಲ್ಲವೂ ಕೆಟ್ಟುಹೋಗುವದು. ಚಿಂತೆಯೆಂಬ ಮರದ ತಾಯಿಬೇರು ಇದೇ. ಪುರುಸೊತ್ತು ಸಿಕ್ಕಿದರೂ ಈ ಬೇರು ಒಣಗುವದಿಲ್ಲ, ಯಾಕಂದರೆ ಇದು ಕೆಲಸದಲ್ಲಿ ನೆಟ್ಟದ್ದಲ್ಲ.

ಮೂರನೆಯ ಸ್ಥಳವು ಪೇತ್ರನ ಮೊದಲನೆಯ ಪತ್ರಿಕೆಯ 5ನೆಯ ಅಧ್ಯಾಯದ 7ನೆಯ ವಚನ. ನಿಮ್ಮ ಚಿಂತೆಯನ್ನೆಲ್ಲಾ ದೇವರ ಮೇಲೆ ಹಾಕಿರಿ ಎಂದು ಹೇಳಿದ ಮೇಲೆ ಪೇತ್ರನು ಕಾರಣವನ್ನು ಕೊಡುತ್ತಾನೆ. ಆ ಕಾರಣದಲ್ಲಿ ಬರುವದು ಅದೇ ಕ್ರಿಯಾಪದ: ಆತನಿಗೆ ನಿಮ್ಮ ವಿಷಯದಲ್ಲಿ ಚಿಂತೆಯುಂಟು. ಪೇತ್ರನೂ ದೋಣಿಯಲ್ಲಿ ಇದ್ದವರಲ್ಲಿ ಒಬ್ಬನಲ್ಲವೇ! ಹರೆಯದಲ್ಲಿ ಗಾಳಿಯ ನಡುವೆ ಕೂಗಿ ಕೇಳಿದ ಪ್ರಶ್ನೆಗೆ ಮುಪ್ಪಿನಲ್ಲಿ ತಾನೇ ಉತ್ತರವನ್ನು ಬರೆದನೋ ಎಂಬಂತೆ ಈ ವಚನವು ನನಗೆ ಓದಿಬರುತ್ತದೆ. ನಡುವೆ ಎಷ್ಟು ವರುಷಗಳು, ಎಷ್ಟು ಕಣ್ಣೀರು! ಹುಂಜ ಕೂಗಿದ ಆ ಮುಂಜಾವವೂ ಆ ನಡುವೆಯೇ ಬಂದುಹೋಯಿತು.

ಭಾಷೆಯ ಮಾತು ಬಂದದ್ದರಿಂದ ಇನ್ನೊಂದು ಹೇಳುತ್ತೇನೆ. ಗ್ರೀಕಿನಲ್ಲಿ ಚಿಂತೆಗಿರುವ ಶಬ್ದವನ್ನು ಪಾಲುಮಾಡು, ಭಾಗಿಸು ಎಂಬರ್ಥದ ಧಾತುವಿಗೆ ಅನೇಕ ಪಂಡಿತರು ಸಂಬಂಧಿಸುತ್ತಾರೆ. ಮಾರ್ಥಳು ಕೆಲಸದಿಂದ ಬೇಸತ್ತಳೆನ್ನುವಲ್ಲಿ ಲೂಕನು ಹಾಕಿರುವ ಪದಕ್ಕೂ ಸುತ್ತಲೂ ಎಳೆಯಲ್ಪಟ್ಟಳು ಎಂದು ಅರ್ಥ. ಒಂದು ಮನಸ್ಸನ್ನು ಹತ್ತು ಕಡೆಯಿಂದ ಹತ್ತು ಕೈಗಳು ಎಳೆದಂತೆ. ಕನ್ನಡದಲ್ಲಿ ಚಿತೆಗೂ ಚಿಂತೆಗೂ ಒಂದೇ ಸೊನ್ನೆಯ ಅಂತರವೆಂದು ನಮ್ಮ ಹಿರಿಯರು ಹೇಳುವದನ್ನು ನೀವು ಕೇಳಿದ್ದೀರಿ. ಆದರೆ ಸಮಾಧಾನವೆಂಬ ಮಾತನ್ನು ಬಿಡಿಸಿ ನೋಡಿದವರು ಕಡಿಮೆ. ಅದು ಒಟ್ಟಾಗಿ ಇಡುವದು, ಕೂಡಿಸಿ ನೆಲೆಗೊಳಿಸುವದು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಬಂದದ್ದು. ಚಿಂತೆಯು ಹರಿದು ಹಂಚಿದ್ದನ್ನು ಮತ್ತೆ ಒಂದಾಗಿ ಕೂಡಿಸಿಡುವದೇ ಸಮಾಧಾನ. ನಮ್ಮ ಕನ್ನಡ ವೇದದ ಭಾಷಾಂತರಕಾರರು ಈ ಮಾತನ್ನು ಬಳಸಿದ್ದಕ್ಕೆ ನಾನು ಅವರಿಗೆ ಬಹಳ ಸಾರೆ ಮನಸ್ಸಿನಲ್ಲಿಯೇ ವಂದಿಸಿದ್ದೇನೆ.

ಕೂಡಿಸಿಡುವವರು ಯಾರು? ನಾವೇ ನಮ್ಮನ್ನು ಕೂಡಿಸಿಕೊಳ್ಳಬೇಕೆಂದು ಸತ್ಯವೇದವು ಹೇಳುವದಿಲ್ಲ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ ಪೌಲನು, ಯಾವ ಸಂಬಂಧವಾಗಿಯೂ ಚಿಂತಿಸದೆ ನಿಮ್ಮ ಬೇಡಿಕೆಗಳನ್ನು ಸ್ತೋತ್ರದೊಂದಿಗೆ ದೇವರಿಗೆ ತಿಳಿಸಿರಿ, ಆಗ ಬುದ್ಧಿಯನ್ನು ಮೀರುವ ಸಮಾಧಾನವು ನಿಮ್ಮ ಹೃದಯಗಳನ್ನು ಕಾಯುವದು ಎಂಬರ್ಥದಲ್ಲಿ ಬರೆಯುತ್ತಾನೆ. ಕಾಯುವದು ಎಂಬಲ್ಲಿ ಇರುವದು ದಂಡಿನವರ ಮಾತು. ಊರಬಾಗಿಲಲ್ಲಿ ಕಾವಲುಗಾರರು ನಿಂತು ಕಾಯುವದಕ್ಕೆ ಅದನ್ನು ಹೇಳುತ್ತಾರೆ. ಫಿಲಿಪ್ಪಿಯು ರೋಮಾಯರ ದಂಡಿನಲ್ಲಿ ಸೇವೆ ಮಾಡಿ ಬಿಡುಗಡೆ ಹೊಂದಿದ ಸಿಪಾಯಿಗಳು ನೆಲಸಿದ ಪಟ್ಟಣವಾದ್ದರಿಂದ ಓದಿದವರಿಗೆ ಆ ಚಿತ್ರವು ಕೂಡಲೇ ಕಣ್ಣಿಗೆ ಕಟ್ಟಿರಬೇಕು. ಬರೆದವನಾದರೋ ಆಗ ಬೇಡಿಗಳಲ್ಲಿದ್ದನು. ಕಾವಲುಗಾರರೆಂದರೆ ಏನೆಂದು ಅವನಿಗೆ ಚೆನ್ನಾಗಿ ಗೊತ್ತು. ಅಲ್ಲದೆ ಈ ವಚನಗಳಿಗೆ ಸ್ವಲ್ಪ ಮೊದಲು ಅವನು ಯುವೊದ್ಯ, ಸಂತುಕೆ ಎಂಬ ಇಬ್ಬರು ಸ್ತ್ರೀಯರಿಗೆ ಒಂದೇ ಮನಸ್ಸುಳ್ಳವರಾಗಿರಿ ಎಂದು ಬುದ್ಧಿಹೇಳುತ್ತಾನೆ. ಇಬ್ಬರೂ ಸುವಾರ್ತೆಯ ಕೆಲಸದಲ್ಲಿ ಅವನೊಂದಿಗೆ ಹೋರಾಡಿದವರು, ಮತ್ತು ಇಬ್ಬರಿಗೂ ಸರಿಬೀಳಲಿಲ್ಲ! ವಸತಿಗೃಹದಲ್ಲಿರುವ ಹುಡುಗಿಯರಿಗೂ ಉಪಾಧ್ಯಾಯಿನಿಯರ ಕೋಣೆಯಲ್ಲಿರುವವರಿಗೂ ಇದರ ಅರ್ಥವನ್ನು ನಾನು ಬಿಡಿಸಿ ಹೇಳಬೇಕೇ?

ಅದೇ ಅಧ್ಯಾಯದಲ್ಲಿ ಮುಂದೆ ಪೌಲನು, ಇರುವ ಸ್ಥಿತಿಯಲ್ಲಿ ತೃಪ್ತನಾಗಿರುವದನ್ನು ತಾನು ಕಲಿತೆನೆಂದು ಹೇಳುತ್ತಾನೆ. ಉಪಾಧ್ಯಾಯಿನಿಯಾದ ನನಗೆ ಇದು ದೊಡ್ಡ ಧೈರ್ಯ. ಶಾಂತಸ್ವಭಾವದಿಂದ ಹುಟ್ಟಿದೆನೆಂದು ಅವನು ಹೇಳಲಿಲ್ಲ. ಕಲಿತದ್ದಾದರೆ ತಪ್ಪು ಮಾಡುತ್ತಾ, ಅಳಿಸಿ ಬರೆಯುತ್ತಾ ಕಲಿತಿರಬೇಕು.

ಕಲಿಯುವ ಬಗೆ ಹೇಗೆ ಎಂದು ಕೇಳುವಿರಿ. ದೊಡ್ಡ ಉಪಾಯಗಳು ನನ್ನಲ್ಲಿಲ್ಲ. ಬೇಡಿಕೆಗಳನ್ನು ತಿಳಿಸಿರಿ ಎಂದು ಪೌಲನು ಹೇಳಿದ್ದನ್ನು ನಾನು ಅಕ್ಷರಶಃ ಹಿಡಿದುಕೊಂಡೆನು. ರಾತ್ರಿ ಬೀಗದ ಕೈಗಳನ್ನು ಮೊಳೆಗೆ ತೂಗಹಾಕಿದ ಮೇಲೆ ಒಂದು ಚೀಟಿಯ ಮೇಲೆ ಆ ದಿನದ ಚಿಂತೆಗಳನ್ನು ಹೆಸರು ಹೆಸರಾಗಿ ಬರೆಯುತ್ತೇನೆ. ಹೆಸರಿಲ್ಲದ ಚಿಂತೆ ಕತ್ತಲೆಯ ಬೆಕ್ಕಿನಂತೆ ಹುಲಿಯಾಗಿ ಕಾಣುತ್ತದೆ. ಬರೆದ ಮೇಲೆ ಕೆಲವು ನಾಳೆ ನನ್ನ ಕೈಯಿಂದ ಆಗುವ ಕೆಲಸಗಳೆಂದು ತಿಳಿಯುತ್ತದೆ: ಹಂಚು ಹೊದಿಸುವವನಿಗೆ ಹೇಳಿಕಳುಹಿಸುವದು, ಒಬ್ಬರಿಗೆ ಕ್ಷಮಾಪಣೆಯ ಕಾಗದ ಬರೆಯುವದು. ಉಳಿದವುಗಳ ಮೇಲೆ ನನಗೆ ಅಧಿಕಾರವೇ ಇಲ್ಲ. ಅವುಗಳನ್ನು ಒಂದೊಂದಾಗಿ ಓದಿ ದೇವರಿಗೆ ಒಪ್ಪಿಸುತ್ತೇನೆ. ಸ್ತೋತ್ರದೊಂದಿಗೆ ಎಂಬದನ್ನು ಮರೆಯದೆ, ಆ ದಿನ ಸುಸೂತ್ರವಾಗಿ ಆದ ಒಂದು ಸಂಗತಿಯನ್ನೂ ಕೆಳಗೆ ಬರೆಯುತ್ತೇನೆ. ಕೆಲವು ರಾತ್ರಿಗಳಲ್ಲಿ ಒಪ್ಪಿಸಿದ್ದನ್ನು ನಡುರಾತ್ರಿ ಎದ್ದು ಮರಳಿ ತೆಗೆದುಕೊಂಡಿದ್ದೇನೆ, ಸುಳ್ಳು ಹೇಳಲಾರೆನು.

ಎರಡನೆಯದನ್ನು ಸುಸನ್ನಾ ವೆಸ್ಲಿ ಎಂಬ ತಾಯಿಯಿಂದ ಕಲಿತೆನು. 1669ರಲ್ಲಿ ಹುಟ್ಟಿ 1742ರಲ್ಲಿ ತೀರಿಕೊಂಡ ಈ ಇಂಗ್ಲೆಂಡಿನ ಹೆಣ್ಣುಮಗಳು ಎಪ್‌ವರ್ತ್ ಎಂಬ ಊರಿನ ಸಭಾಪಾಲಕನ ಹೆಂಡತಿ. 19 ಮಕ್ಕಳನ್ನು ಹೆತ್ತಳು. ಅವರಲ್ಲಿ ಸುಮಾರು ಅರ್ಧ ಮಂದಿ ಶಿಶುಗಳಾಗಿಯೇ ತೀರಿಹೋದರು. ಗಂಡನು ಸಾಲಕ್ಕಾಗಿ ಸೆರೆಮನೆಯನ್ನು ಕಂಡನು. 1709ರಲ್ಲಿ ಮನೆ ಸುಟ್ಟುಹೋಯಿತು. ಮಕ್ಕಳಿಗೆ ಮನೆಯಲ್ಲಿಯೇ ತಾನೇ ಪಾಠ ಹೇಳಿದಳು. ಇಂಥವಳಿಗೆ ಪುರುಸೊತ್ತು ಎಲ್ಲಿಯದು? ಆದಾಗ್ಯೂ ವಾರದ ಒಂದೊಂದು ಸಾಯಂಕಾಲ ಒಂದೊಂದು ಮಗುವಿನೊಂದಿಗೆ ಏಕಾಂತವಾಗಿ ಕೂತು ಮಾತಾಡುವ ಪದ್ಧತಿಯನ್ನು ಇಟ್ಟುಕೊಂಡಿದ್ದಳು. ಗುರುವಾರವು ಜಾನನದು. ಆ ಜಾನ್ ವೆಸ್ಲಿಯು ದೊಡ್ಡವನಾದ ಮೇಲೆಯೂ ಆ ಗುರುವಾರಗಳನ್ನು ನೆನಸಿ ತಾಯಿಗೆ ಬರೆದನು. ಅಡಿಗೆಮನೆಯ ಗದ್ದಲದ ನಡುವೆ ಅವಳು ಪ್ರಾರ್ಥನೆಗಾಗಿ ಮುಸುಕನ್ನು ತಲೆಯ ಮೇಲೆ ಎಳಕೊಳ್ಳುತ್ತಿದ್ದಳು, ಆಗ ಮಕ್ಕಳು ಅವಳ ತಂಟೆಗೆ ಹೋಗುತ್ತಿರಲಿಲ್ಲ ಎಂದು ಹೇಳುವದೂ ಉಂಟು. ನಮ್ಮ ತಾಯಂದಿರಿಗೆ ಸೆರಗಿಲ್ಲವೇ? ಆ ಹುಡುಗಿಯ ಸಂಗತಿ ನಡೆದ ಮೇಲೆ ನಾನು ಕಚೇರಿಯ ಮೇಜಿನ ಪಕ್ಕದಲ್ಲಿ ಒಂದು ಸಣ್ಣ ಮಣೆಯನ್ನು ಇಡಿಸಿದ್ದೇನೆ. ದಿನಕ್ಕೊಬ್ಬಳನ್ನು ಕರೆದು ಕೂಡ್ರಿಸುತ್ತೇನೆ. ಹೆಚ್ಚಿನವರು ಹೇಳುವದಕ್ಕೆ ಏನೂ ಇಲ್ಲದೆ ನಕ್ಕು ಹೋಗುತ್ತಾರೆ, ಅದೂ ಸರಿಯೇ.

ಪರೀಕ್ಷೆಗೆ ಕೂಡ್ರುವ ಹುಡುಗಿಯರಿಗೆ ಎಲೀಯನ ಚರಿತ್ರೆಯನ್ನು ನೆನಪುಮಾಡಿಕೊಡುತ್ತೇನೆ. ಅರಸುಗಳ ಮೊದಲನೆಯ ಪುಸ್ತಕದ 19ನೆಯ ಅಧ್ಯಾಯದಲ್ಲಿ ಆ ಮಹಾ ಪ್ರವಾದಿಯು ಬೆದರಿ ಓಡಿಹೋಗಿ, ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕಪ್ಪಾ ಈ ಜೀವ ಎಂದು ಮರಣವನ್ನು ಬೇಡಿಕೊಂಡನು. ಆಗ ದೇವರು ಅವನಿಗೆ ಪ್ರಸಂಗ ಮಾಡಲಿಲ್ಲ. ನಿದ್ರೆಯನ್ನು ಕೊಟ್ಟನು. ದೂತನು ತಟ್ಟಿ ಎಬ್ಬಿಸಿದಾಗ ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ತಂಬಿಗೆ ನೀರೂ ಇದ್ದವು. ತಿಂದು ಮತ್ತೆ ಮಲಗಿದನು, ಮತ್ತೆ ಎಬ್ಬಿಸಿ ತಿನ್ನಿಸಿದನು. ನೀನು ಇಲ್ಲಿ ಮಾಡುವದೇನು ಎಂಬ ಪ್ರಶ್ನೆಯು ಬಂದದ್ದು ನಲವತ್ತು ದಿನಗಳ ತರುವಾಯ. ರಾತ್ರಿ ಎರಡು ಗಂಟೆಯ ವರೆಗೆ ಕೂತು, ಬೆಳಿಗ್ಗೆ ಊಟಬಿಟ್ಟು, ನನಗೆ ಭಕ್ತಿ ಕಡಿಮೆಯಾಗಿದೆ ಅಕ್ಕಾವರೇ ಎಂದು ಅಳುವವರಿಗೆ ನಾನು ಮೊದಲು ರೊಟ್ಟಿ ತಿಂದು ಮಲಗಲು ಹೇಳುವದು ಈ ಅಧ್ಯಾಯದ ಆಧಾರದ ಮೇಲೆಯೇ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಚಿಂತೆಪಡುವವಳನ್ನು ಕಂಡಕೂಡಲೆ ಪರ್ವತಪ್ರಸಂಗದ ಹಕ್ಕಿಗಳನ್ನೂ ಅಡವಿಯ ಹೂವುಗಳನ್ನೂ ತಂದು ಅವಳ ಮುಂದೆ ಇಟ್ಟು, ನಿನಗೆ ನಂಬಿಕೆ ಸಾಲದು ಎಂದು ತೀರ್ಪುಕೊಡುವವರು ನಮ್ಮ ಸಭೆಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಮಳೆ ಬಾರದೆ ಬಿತ್ತಿದ ಜೋಳ ಒಣಗುತ್ತಿರುವವನ ಮಗಳು, ಗಂಡನ ಕುಡಿತದಿಂದ ನೊಂದವಳು, ಕಾಯಿಲೆಯ ಮಗುವಿನ ಮಗ್ಗುಲಲ್ಲಿ ಕೂತವಳು ಚಿಂತಿಸಿದರೆ ಅದು ಪ್ರೀತಿಯ ಇನ್ನೊಂದು ಮುಖ. ಪೌಲನು ತಾನೇ ಎಲ್ಲಾ ಸಭೆಗಳ ಚಿಂತೆಯು ದಿನಾಲು ತನ್ನ ಮೇಲಿತ್ತೆಂದು ಕೊರಿಂಥದವರಿಗೆ ಬರೆದಿದ್ದಾನೆ. ಅಂಥವರಿಗೆ ವಚನವನ್ನು ಕಲ್ಲಿನಂತೆ ಎಸೆಯದೆ ಅವರ ಸಂಗಡ ಕೂತಿರುವದು ನಮ್ಮ ಕೆಲಸ. ವಾರಗಟ್ಟಳೆ ನಿದ್ರೆಯೂ ಅನ್ನವೂ ಸೇರದಿದ್ದರೆ ವೈದ್ಯರಿಗೆ ತಿಳಿಸತಕ್ಕದ್ದು, ಅದು ಅಪನಂಬಿಕೆಯಲ್ಲ. ಇನ್ನು ಆ ಹಕ್ಕಿಗಳ ವಿಷಯ. ಅವು ಬಿತ್ತುವದಿಲ್ಲ, ಕಣಜದಲ್ಲಿ ತುಂಬಿಸುವದಿಲ್ಲ, ನಿಜ. ಆದರೆ ಗೂಡಿನಲ್ಲಿ ಬಾಯಿತೆರೆದು ಕೂತ ದೊಡ್ಡ ಹಕ್ಕಿಯನ್ನು ಯಾರಾದರೂ ಕಂಡಿದ್ದೀರಾ? ನಮ್ಮ ಅಂಗಳದ ಗುಬ್ಬಿಗಳು ಬೆಳಗಿನಿಂದ ಬೈಗಿನ ವರೆಗೆ ದುಡಿಯುತ್ತವೆ. ನಾಳಿನ ಕಾಳನ್ನು ಮಾತ್ರ ಈ ದಿನ ಹೊರುವದಿಲ್ಲ.

ಕಡೆಯದಾಗಿ ಮಾರ್ಥಳ ಕಡೆಗೆ ತಿರುಗೋಣ, ಯಾಕಂದರೆ ಅವಳ ಚರಿತ್ರೆಯು ಲೂಕನಲ್ಲಿ ಮುಗಿಯುವದಿಲ್ಲ. ಯೋಹಾನನ 11ನೆಯ ಅಧ್ಯಾಯದಲ್ಲಿ ತಮ್ಮ ಲಾಜರನು ಸತ್ತು ನಾಲ್ಕು ದಿನವಾದ ಮೇಲೆ ಯೇಸು ಬರುತ್ತಿದ್ದಾನೆಂದು ಕೇಳಿ, ಮರಿಯಳು ಮನೆಯಲ್ಲಿ ಕೂತಿರಲು, ಎದ್ದು ಊರ ಹೊರಗೆ ಎದುರುಗೊಂಡವಳು ಮಾರ್ಥಳು. ಸಮಾಧಿಯ ಕಲ್ಲು ಇನ್ನೂ ಮುಚ್ಚಿರುವಾಗಲೇ, ಲೋಕಕ್ಕೆ ಬರಬೇಕಾದ ದೇವಕುಮಾರನಾದ ಕ್ರಿಸ್ತನು ನೀನೇ ಎಂದು ಅರಿಕೆಮಾಡಿದವಳೂ ಅವಳೇ. ಗದರಿಸಿಕೊಂಡ ದಿನ ಅವಳು ಸಿಟ್ಟಿನಿಂದ ಒಳಗೆ ಹೋಗಿ ಪಾತ್ರೆಗಳನ್ನು ಬಡಿದು ಸುಮ್ಮನಾಗಲಿಲ್ಲ, ಆ ಮಾತನ್ನು ಕೇಳಿಸಿಕೊಂಡಳು ಎಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

12ನೆಯ ಅಧ್ಯಾಯದಲ್ಲಿ, ಪಸ್ಕಹಬ್ಬಕ್ಕೆ ಆರು ದಿನ ಮುಂಚೆ, ಬೇಥಾನ್ಯದಲ್ಲಿ ಆತನಿಗೆ ಊಟವನ್ನು ಮಾಡಿಸುತ್ತಾರೆ. ಲಾಜರನು ಪಂಕ್ತಿಯಲ್ಲಿ ಕೂತಿದ್ದಾನೆ. ಮರಿಯಳು ಈಗಲೂ ಆತನ ಪಾದಗಳ ಹತ್ತಿರವೇ. ಮಾರ್ಥಳು ಏನು ಮಾಡುತ್ತಿದ್ದಳು? ಉಪಚಾರ ಮಾಡುತ್ತಿದ್ದಳೆಂದು ಯೋಹಾನನು ಎರಡನೆಯ ವಚನದಲ್ಲಿ ಚಿಕ್ಕದಾಗಿ ಹೇಳಿ ಮುಂದಕ್ಕೆ ಹೋಗುತ್ತಾನೆ. ಅದೇ ಒಲೆ, ಅದೇ ಕೆಲಸ, ಉಣ್ಣುವವರು ಮೊದಲಿಗಿಂತ ಹೆಚ್ಚೇ ಇದ್ದಿರಬಹುದು. ತಂಗಿ ಈ ಸಾರೆಯೂ ನೆರವಿಗೆ ಬರಲಿಲ್ಲ. ಅದರ ಮೇಲೆ ಬಹು ಬೆಲೆಯುಳ್ಳ ತೈಲವನ್ನು ಸುರಿದುಬಿಟ್ಟಳು. ಅಲ್ಲಿ ಗೊಣಗಿದವನು ಯೂದನು. ಮಾರ್ಥಳಿಂದ ಒಂದು ಮಾತೂ ಹೊರಡಲಿಲ್ಲ.

ಈ ಅಧ್ಯಾಯವನ್ನು ಓದುವಾಗ ನಾವೆಲ್ಲರೂ ತೈಲದ ಕಡೆಗೇ ಓಡುತ್ತೇವೆ. ಮುಂದಿನ ಸಾರೆ ಓದುವಾಗ ಆ ಎರಡನೆಯ ವಚನದಲ್ಲಿ ಸ್ವಲ್ಪ ನಿಲ್ಲಿರಿ. ಮನೆಯೆಲ್ಲಾ ತೈಲದ ಪರಿಮಳದಿಂದ ತುಂಬಿತೆಂದು ಬರೆದಿದೆ. ಅದರ ಸಂಗಡ ಬಿಸಿ ರೊಟ್ಟಿಯ ವಾಸನೆಯೂ ಇದ್ದಿರಬೇಕು.